ಬಯಲಲ್ಲಿ ಈಯುವ ಕುರಿಯ ಹತ್ತಿರ ಯಾವಾಗ ಹೋಗಬೇಕು?

ಪ್ರಶ್ನೆ: ನನ್ನ ಭಾವನ ಮನೆಯವರದು ಸಣ್ಣ ಕುರಿ ಫಾರ್ಮ್. ಸುಮಾರು 40 ಕುರಿಗಳು ಗಬ್ಬವಾಗಿವೆ. ಶೆಡ್ ಚಿಕ್ಕದು, ಹಾಗಾಗಿ ಬೇಲಿ ಹಾಕಿದ ಹುಲ್ಲುಗಾವಲಲ್ಲೇ ಅವು ಈಯುತ್ತವೆ. ಎರಡು ವಾರ ಬಂದು ನೆರವಾಗು ಅಂತ ಭಾವ ಕರೆದಿದ್ದಾರೆ. ಕುರಿ ಈಯುವುದನ್ನು ನಾನು ಒಮ್ಮೆಯೂ ನೋಡಿಲ್ಲ. ಯಾವಾಗ ಕೈ ಹಾಕಬೇಕು, ಯಾವಾಗ ಸುಮ್ಮನಿರಬೇಕು? ಜೊತೆಗೆ ಏನೇನು ಇಟ್ಟುಕೊಳ್ಳಬೇಕು? ನನ್ನ ಹೆಂಡತಿ ಐದು ತಿಂಗಳ ಬಸುರಿ. ಮರಿಗಳನ್ನು ನೋಡಲು ಅವಳೂ ಬರಬಹುದಾ?

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ, ಅದರಲ್ಲಿ ಯೋಚಿಸುವಂಥದ್ದು ಏನೂ ಇಲ್ಲ. ನಿಮ್ಮ ಹೆಂಡತಿ ಈ ಸಲ ಬರುವುದು ಬೇಡ. ಕುರಿಗಳಲ್ಲಿ ಗಬ್ಬ ಇಳಿಸುವ ಕೆಲವು ಸೋಂಕುಗಳು ಮನುಷ್ಯರಿಗೂ ಅಂಟುತ್ತವೆ: ಒಂದು ಬಗೆಯ ಕ್ಲಮೈಡಿಯಾ, ಟಾಕ್ಸೊಪ್ಲಾಸ್ಮಾ, ಲಿಸ್ಟೀರಿಯಾ, ಕ್ಯೂ ಜ್ವರ. ಈಯುವಾಗ ಬರುವ ನೀರು, ಮಾಸು, ಒದ್ದೆ ಮರಿ, ಎಲ್ಲದರಲ್ಲೂ ಇವು ಇರಬಹುದು. ಕುರಿ ನೋಡುವುದಕ್ಕೆ ಗಟ್ಟಿಮುಟ್ಟಾಗಿಯೇ ಇರುತ್ತದೆ. ಬಸುರಿಯರಲ್ಲಿ ಇವು ಹೊಟ್ಟೆಯಲ್ಲಿರುವ ಮಗುವಿಗೆ ಕುತ್ತು ತರಬಹುದು, ಕೆಲವು ಸಲ ತಾಯಿಗೂ. ಮರಿ ಎತ್ತಿಕೊಳ್ಳುವುದು, ಬಾಟಲಿ ಹಾಲು ಕುಡಿಸುವುದು ಮಾತ್ರವಲ್ಲ, ನಿಮ್ಮ ಕೆಲಸದ ಬಟ್ಟೆ, ಬೂಟು ತೊಳೆಯುವುದನ್ನೂ ಅವರು ಮಾಡಬಾರದು. ನೀವು ಆ ಬಟ್ಟೆಯನ್ನು ಮನೆಗೆ ತರಲೇಬೇಡಿ. ಈಗಾಗಲೇ ಅವರು ಈಯುವ ಕುರಿಗಳ ನಡುವೆ ಓಡಾಡಿದ್ದು, ಜ್ವರ ಬಂದರೆ, ವೈದ್ಯರಿಗೆ ಕುರಿಯ ವಿಷಯವನ್ನು ಮೊದಲೇ ಹೇಳಬೇಕು. ನೀವು ಹೇಳದೆ ಅವರಿಗೆ ಅದು ಹೊಳೆಯುವುದು ಕಷ್ಟ.

ಇನ್ನು ನಿಮ್ಮ ಕೆಲಸ. ಬಯಲಲ್ಲಿ ಈಯುವ ಹಿಂಡಿಗೆ ನೆರವಾಗುವುದೆಂದರೆ ಬಹುಪಾಲು ದೂರ ನಿಂತು ನೋಡುವುದು. ಹೊಸಬರಿಗೆ ಇದು ಬೇಜಾರು ತರುತ್ತದೆ, ಏನಾದರೂ ಮಾಡಬೇಕು ಅನಿಸುತ್ತಿರುತ್ತದೆ. ಶೆಡ್ಡಿನಲ್ಲಿ ಕುರಿ ಕೈಗೆ ಸಿಗುತ್ತದೆ. ಒಮ್ಮೆ ಹಿಡಿದು ನೋಡಿದರೂ ದೊಡ್ಡ ನಷ್ಟ ಇಲ್ಲ. ಬಯಲಲ್ಲಿ ಒಂದು ಕುರಿ ಹಿಡಿಯಲು ಹೋದರೆ ಸುತ್ತಲಿನ ಹತ್ತು ಕುರಿ ಎದ್ದು ಓಡುತ್ತವೆ. ಅವುಗಳಲ್ಲಿ ಒಂದು ಆಗ ತಾನೇ ಈದಿರಬಹುದು. ಅದರ ಒಂದು ಮರಿ ಹಿಂದೆ ಹೋಗುತ್ತದೆ, ಇನ್ನೊಂದು ಹುಲ್ಲಲ್ಲೇ ಉಳಿಯುತ್ತದೆ. ಎಷ್ಟೋ ಕುರಿಗಳಿಗೆ ಒಂದು ಮರಿ ಪಕ್ಕದಲ್ಲಿದ್ದರೆ ಸಾಕು, ಇನ್ನೊಂದರ ನೆನಪೇ ಬರುವುದಿಲ್ಲ. ಈದ ಕುರಿ ಮರಿಯನ್ನು ನೆಕ್ಕಿ ನೆಕ್ಕಿ ಅದರ ವಾಸನೆ ಹಿಡಿಯುತ್ತದೆ. ಈದ ಜಾಗದಲ್ಲೇ ಸುಮಾರು ಆರು ಗಂಟೆ ನೆಮ್ಮದಿಯಾಗಿ ಇರಲು ಬಿಟ್ಟರೆ ಆ ನಂಟು ಗಟ್ಟಿಯಾಗುತ್ತದೆ. ಅದಕ್ಕೇ ನಾನು ಹೊಸಬರಿಗೆ ಮೊದಲು ಕೊಡಿಸುವುದು ಕೈಗವಸು ಅಲ್ಲ, ದುರ್ಬೀನು.

ದಿನಕ್ಕೆ ಮೂರು ಸುತ್ತು ಸಾಕು: ಬೆಳಕು ಹರಿಯುವಾಗ, ಮಧ್ಯಾಹ್ನ, ಕತ್ತಲಾಗುವ ಮುಂಚೆ. ಬೆಳಗಿನದು ತಪ್ಪಿಸಲೇಬಾರದು, ರಾತ್ರಿ ಈದ ಮರಿಗಳ ಸ್ಥಿತಿ ಗೊತ್ತಾಗುವುದು ಆಗಲೇ. ದಿನವೂ ಒಂದೇ ದಾರಿಯಲ್ಲಿ, ಬೇಲಿಯ ಅಂಚಿನಲ್ಲಿ ನಿಧಾನವಾಗಿ ನಡೆಯಿರಿ. ನಾಯಿ ಬೇಡ, ಎಷ್ಟೇ ಸಾಧು ನಾಯಿಯಾದರೂ. ರಾತ್ರಿ ಟಾರ್ಚ್ ಹಿಡಿದು ಹಿಂಡಿನ ನಡುವೆ ಓಡಾಡುವುದನ್ನು ನಾನು ಒಪ್ಪುವುದಿಲ್ಲ. ಮಳೆಯ ಜೊತೆ ಗಾಳಿ ಬೀಸುವ ರಾತ್ರಿ ಮಾತ್ರ ಬೇರೆ, ಆಗ ಒಂದು ಸುತ್ತು ಹೆಚ್ಚಿಗೆ ಹಾಕಿ.

ಏನು ನೋಡಬೇಕು? ಕುರಿಯ ಗಬ್ಬ ಸುಮಾರು 147 ದಿನ, ನಾಲ್ಕೈದು ದಿನ ಹಿಂದೆಮುಂದೆ ಆಗುತ್ತದೆ. ಟಗರು ಬಿಟ್ಟ ದಿನ ಬರೆದಿಟ್ಟಿದ್ದರೆ ಭಾವನಿಗೆ ಮೊದಲ ಮರಿ ಯಾವಾಗ ಬಿದ್ದೀತು ಅನ್ನುವ ಅಂದಾಜು ಇರುತ್ತದೆ. ದಿನ ಹತ್ತಿರವಾದಾಗ ಕೆಚ್ಚಲು ಬಿಗಿಯುತ್ತದೆ, ಬಾಲದ ಕೆಳಗೆ ಊದಿ ಕೆಂಪಾಗುತ್ತದೆ, ಸೊಂಟದ ಎರಡೂ ಬದಿ ಗುಳಿ ಬೀಳುತ್ತದೆ. ಬೇನೆ ಶುರುವಾದಾಗ ಕುರಿ ಹಿಂಡು ಬಿಟ್ಟು ಒಂದು ಮೂಲೆ ಹಿಡಿಯುತ್ತದೆ. ಕಾಲಲ್ಲಿ ನೆಲ ಕೆರೆಯುತ್ತದೆ, ಮಲಗುತ್ತದೆ, ಏಳುತ್ತದೆ, ತಿರುಗಿ ನೆಲ ಮೂಸುತ್ತದೆ. ಇದೇ ಕೆಲವು ಗಂಟೆ ನಡೆಯಬಹುದು. ಒಳಗೆ ದಾರಿ ತೆರೆಯುತ್ತಿರುವ ಹೊತ್ತು ಅದು. ಈಗ ನೀವು ಹತ್ತಿರ ಹೋದರೆ ಬೇನೆ ನಿಂತೇ ಹೋಗಬಹುದು.

ಆಮೇಲೆ ಕುರಿ ತಿಣುಕುತ್ತದೆ, ನೀರಿನ ಚೀಲ ಕಾಣುತ್ತದೆ ಅಥವಾ ಒಡೆಯುತ್ತದೆ. ಗಡಿಯಾರ ನೋಡಬೇಕಾದ್ದು ಇಲ್ಲಿಂದ. ನೀರು ಒಡೆದು ಒಂದು ಗಂಟೆಯಾದರೂ ಏನೂ ಕಾಣದಿದ್ದರೆ, ಅಥವಾ ಅರ್ಧ ಗಂಟೆ ಜೋರಾಗಿ ತಿಣುಕಿಯೂ ಕೆಲಸ ಮುಂದೆ ಹೋಗದಿದ್ದರೆ, ಹಿಡಿದು ನೋಡಬೇಕು. ಚೊಚ್ಚಲು ಈಯುವ ಕುರಿ ಸ್ವಲ್ಪ ನಿಧಾನ, ಅದಕ್ಕೆ ಇನ್ನೂ ಸ್ವಲ್ಪ ಹೊತ್ತು ಕೊಡಿ. ಆದರೆ ಕಣ್ಣಿಗೆ ಬಿದ್ದ ಕೂಡಲೇ ಹೋಗಬೇಕಾದ ಸಂದರ್ಭಗಳೂ ಇವೆ. ತಲೆ ಮಾತ್ರ ಹೊರಗೆ ಬಂದು ಕಾಲು ಕಾಣದಿರುವುದು. ಬಾಲ ಮಾತ್ರ ಕಾಣುವುದು. ಒಂದೇ ಕಾಲು ಹೊರಗಿರುವುದು. ಹೊರಗೆ ತೂಗುತ್ತಿರುವುದು ನೀರಿನ ಚೀಲವಲ್ಲ, ಕೆಂಪು ಮಾಂಸದ ಉಂಡೆ ಅನಿಸುವುದು. ಈ ಕೊನೆಯದು ಅಂಗ ಜಾರಿದ್ದು. ಅದನ್ನು ಎಳೆಯಬೇಡಿ, ಒತ್ತಲೂ ಬೇಡಿ, ಭಾವನನ್ನು ಕರೆಯಿರಿ.

ಹಿಡಿಯುವುದೇ ಬಯಲಲ್ಲಿ ಅರ್ಧ ಕೆಲಸ. ಅಟ್ಟಿಸಿಕೊಂಡು ಓಡಬೇಡಿ. ಬೇಲಿಯ ಒಂದು ಮೂಲೆಯಲ್ಲಿ ಎರಡು ಹಗುರ ಗೇಟುಗಳನ್ನು ಮೊದಲೇ ಕಟ್ಟಿಟ್ಟಿದ್ದರೆ ಇಬ್ಬರು ಸೇರಿ ಕುರಿಯನ್ನು ಅಲ್ಲಿಗೆ ಮೆಲ್ಲಗೆ ನಡೆಸಬಹುದು. ಇನ್ನೂ ಸುಲಭವಾದದ್ದು, ಕುರಿ ಮಲಗಿ ಬಲವಾಗಿ ತಿಣುಕುವ ಕ್ಷಣಕ್ಕೆ ಕಾದು ಹಿಂದಿನಿಂದ ಹೋಗುವುದು, ಆಗ ಅದು ಬೇಗ ಏಳುವುದಿಲ್ಲ. ಗದ್ದದ ಕೆಳಗೆ ಒಂದು ಕೈ, ತೊಡೆಯ ಮುಂದೆ ಇನ್ನೊಂದು ಕೈ. ಉಣ್ಣೆ ಹಿಡಿದು ಎಳೆದರೆ ಒಳಗೆ ಚರ್ಮ ಕಂದುತ್ತದೆ. ಬಲ ಮಗ್ಗುಲಿಗೆ ಮಲಗಿಸಿ, ಕುರಿಗಿಂತ ಮೊದಲು ನೀವೇ ಸಮಾಧಾನವಾಗಿ.

ಉಗುರು ಕತ್ತರಿಸಿರಬೇಕು, ಉಂಗುರ, ಗಡಿಯಾರ ಬಿಚ್ಚಿರಬೇಕು. ಉದ್ದ ಕೈಗವಸು ಹಾಕಿ, ಜಾರುವ ಜೆಲ್ ಧಾರಾಳವಾಗಿ ಸವರಿಕೊಳ್ಳಿ. ಜೆಲ್‌ನಲ್ಲಿ ಜಿಪುಣತನ ಬೇಡ. ಬೆರಳುಗಳನ್ನು ಒಟ್ಟು ಮಾಡಿ, ಬೇನೆಯ ನಡುವಿನ ಬಿಡುವಿನಲ್ಲಿ ಕೈ ಒಳಗೆ ಸರಿಸಿ. ಕುರಿ ತಿಣುಕಿದಾಗ ಕೈ ನಿಲ್ಲಿಸಿ. ಒಳಗೆ ಎರಡು ಬೆರಳೂ ಹೋಗದ ಬಿಗಿ ಬಳೆಯೊಂದು ಕೈಗೆ ಸಿಕ್ಕರೆ ಗರ್ಭದ ಬಾಯಿ ತೆರೆದಿಲ್ಲ ಎಂದರ್ಥ. ಅದನ್ನು ಬಲವಂತವಾಗಿ ಅಗಲಿಸಿದರೆ ಹರಿಯುತ್ತದೆ. ಕೈ ತೆಗೆದು ಪಶುವೈದ್ಯರಿಗೆ ಫೋನ್ ಮಾಡಿ.

ಸರಿಯಾಗಿ ಬರುವ ಮರಿ ನೀರಿಗೆ ಧುಮುಕುವವರ ಹಾಗೆ ಬರುತ್ತದೆ: ಮುಂದೆ ಎರಡು ಕಾಲು, ಅವುಗಳ ಮೇಲೆ ಮೂತಿ. ಈ ಮೂರೂ ಕೈಗೆ ಸಿಕ್ಕರೆ ಹೆದರಬೇಡಿ, ಬಹುಶಃ ಮರಿ ದೊಡ್ಡದು ಅಷ್ಟೇ. ಕುರಿ ತಿಣುಕುವಾಗ ಮಾತ್ರ ಎರಡೂ ಕಾಲು ಹಿಡಿದು ಎಳೆಯಿರಿ. ನೇರವಾಗಿ ಅಲ್ಲ, ಕುರಿಯ ಹಿಂಗಾಲಿನ ಕಡೆಗೆ ಕೆಳಮುಖವಾಗಿ. ಒಂದು ಕಾಲನ್ನು ಸ್ವಲ್ಪ ಮುಂದೆ ತಂದರೆ ಭುಜ ಓರೆಯಾಗಿ ಸುಲಭವಾಗಿ ಜಾರುತ್ತದೆ.

ಮುಂಗಾಲೋ ಹಿಂಗಾಲೋ ಅಂತ ಕತ್ತಲಲ್ಲಿ ಬೆರಳಿಂದಲೇ ತಿಳಿಯಬೇಕು. ಗೊರಸಿನಿಂದ ಮೇಲಕ್ಕೆ ಎರಡು ಕೀಲು ಮುಟ್ಟಿ ನೋಡಿ. ಎರಡೂ ಒಂದೇ ಕಡೆಗೆ ಬಾಗಿದರೆ ಮುಂಗಾಲು. ಎದುರುಬದುರಾಗಿ ಬಾಗಿದರೆ ಹಿಂಗಾಲು. ಇದನ್ನು ಹೋಗುವ ಮುಂಚೆ ಬದುಕಿರುವ ಮರಿಯೊಂದರ ಕಾಲಲ್ಲಿ ಕಣ್ಣು ಮುಚ್ಚಿ ಕಲಿತುಕೊಳ್ಳಿ, ಓದಿ ಬರುವುದಿಲ್ಲ. ಅವಳಿ ಇದ್ದಾಗ ಕೈಗೆ ಸಿಕ್ಕ ಎರಡು ಕಾಲು ಎರಡು ಮರಿಗಳದ್ದಾಗಿರಬಹುದು. ಎಳೆಯುವ ಮುನ್ನ ಪ್ರತಿ ಕಾಲಿನ ಗುಂಟ ಭುಜದವರೆಗೆ ಹೋಗಿ, ಎರಡೂ ಒಂದೇ ಎದೆಗೆ ಸೇರುತ್ತವಾ ನೋಡಿ.

ಹಿಂಗಾಲು ಎರಡೂ ಮುಂದಿದ್ದರೆ ತಿರುಗಿಸಲು ಹೋಗಬೇಡಿ, ಹಾಗೇ ಬರಲಿ. ಆದರೆ ಸೊಂಟ ಹೊರಬಂದ ಮೇಲೆ ತಡ ಮಾಡಬಾರದು. ಹೊಕ್ಕುಳ ಬಳ್ಳಿ ಅದುಮಿಹೋಗಿ ಮರಿ ಒಳಗೇ ಉಸಿರೆಳೆದು ನೀರು ಕುಡಿಯುತ್ತದೆ. ಕಾಲುಗಳು ಬಂದು ತಲೆ ಹಿಂದಕ್ಕೆ ತಿರುಗಿದ್ದರೆ ಕಾಲು ಎಳೆಯಲೇಬೇಡಿ. ಎಳೆದಷ್ಟೂ ತಲೆ ಇನ್ನೂ ಮಡಚಿಕೊಳ್ಳುತ್ತದೆ. ಮರಿಯನ್ನು ಒಳಕ್ಕೆ ತಳ್ಳಿ ತಲೆ ಸರಿಪಡಿಸುವುದು ಪಳಗಿದ ಕೈಯ ಕೆಲಸ. ಬಾಲ ಮಾತ್ರ ಮುಂದಿರುವ ಮರಿ ಮೋಸಗಾರ: ದಾರಿಯಲ್ಲಿ ಏನೂ ಸಿಕ್ಕಿಕೊಳ್ಳದ ಕಾರಣ ಕುರಿ ಜೋರಾಗಿ ತಿಣುಕುವುದೇ ಇಲ್ಲ. ಬೆಳಗ್ಗೆಯಿಂದ ಚಡಪಡಿಸುತ್ತಿದೆ, ಏನೂ ಕಾಣುತ್ತಿಲ್ಲ ಅನ್ನುವ ಕುರಿಯ ಮೇಲೆ ಅನುಮಾನ ಇರಲಿ. ಇವೆರಡನ್ನೂ ಮೊದಲ ವರ್ಷ ನೀವು ಕೈಯಾರೆ ಮಾಡಬೇಕಿಲ್ಲ. ಗುರುತು ಹಿಡಿದು ಕರೆದರೆ ಸಾಕು.

ತಲೆ ಮಾತ್ರ ಹೊರಬಂದ ಮರಿಗೆ ಕಾಯುವ ಹೊತ್ತಿಲ್ಲ. ಮುಖ ಊದುತ್ತದೆ, ನಾಲಿಗೆ ನೀಲಿಯಾಗುತ್ತದೆ, ಕುರಿ ಅದನ್ನು ಹಾಗೇ ತೂಗಾಡಿಸಿಕೊಂಡು ಓಡುತ್ತದೆ, ಕಾಗೆಗಳು ಸುಮ್ಮನಿರುವುದಿಲ್ಲ. ಮುಖ ಎಷ್ಟೇ ಊದಿದ್ದರೂ ಸತ್ತಿದೆ ಅಂದುಕೊಳ್ಳಬೇಡಿ, ಬಾಯಲ್ಲಿ ಬೆರಳಿಟ್ಟು ನೋಡಿ. ತಲೆಯ ಸುತ್ತ ಜೆಲ್ ಹಾಕಿ, ಕತ್ತಿನ ಪಕ್ಕದಲ್ಲಿ ಕೈ ಸರಿಸಿ ಒಂದು ಕಾಲನ್ನಾದರೂ ಮುಂದೆ ತನ್ನಿ. ಗೊರಸನ್ನು ಅಂಗೈಯಲ್ಲಿ ಮುಚ್ಚಿ ಹಿಡಿದರೆ ಗರ್ಭದ ಗೋಡೆಗೆ ತಾಗುವುದಿಲ್ಲ. ಎಷ್ಟೋ ಸಲ ಒಂದು ಕಾಲು ಬಂದರೂ ಮರಿ ಹೊರಬರುತ್ತದೆ. ತಲೆ ಹಿಡಿದು ಮಾತ್ರ ಎಳೆಯಬೇಡಿ.

ಇದೆಲ್ಲದಕ್ಕೂ ಒಂದು ಮಿತಿ ಇಟ್ಟುಕೊಳ್ಳಿ: 10–15 ನಿಮಿಷ ಪ್ರಯತ್ನಿಸಿಯೂ ಏನೂ ಬದಲಾಗದಿದ್ದರೆ ನಿಲ್ಲಿಸಿ ಪಶುವೈದ್ಯರನ್ನು ಕರೆಯಿರಿ. ಒಂದು ಗಂಟೆ ಗುದ್ದಾಡಿ ಆಮೇಲೆ ಕರೆದ ಕುರಿಯನ್ನು ಉಳಿಸುವುದು ಅವರಿಗೂ ಕಷ್ಟ. ಕೈ ಹಾಕಿದ ಕುರಿಗೆ ನೋವು ಕಳೆಯುವ ಔಷಧಿ, ಆಂಟಿಬಯೋಟಿಕ್ ಬೇಕಾ ಅಂತಲೂ ಅವರನ್ನೇ ಕೇಳಿ.

ಮರಿ ಬಿದ್ದ ಮೇಲೆ ಮೂಗು, ಬಾಯಿಯ ಲೋಳೆ ಒರೆಸಿ. ಉಸಿರಾಡದಿದ್ದರೆ ಮೂಗಿನೊಳಗೆ ಹುಲ್ಲುಕಡ್ಡಿ ಆಡಿಸಿ, ಪಕ್ಕೆಯನ್ನು ಜೋರಾಗಿ ಉಜ್ಜಿ. ಕಾಲು ಹಿಡಿದು ಗಿರಗಿರ ಬೀಸುವುದನ್ನು ಕೆಲವರು ಇನ್ನೂ ಮಾಡುತ್ತಾರೆ. ಒದ್ದೆ ಮರಿ ಕೈಯಿಂದ ಜಾರಬಹುದು, ಹೊಟ್ಟೆಯ ಭಾರ ಶ್ವಾಸಕೋಶದ ಮೇಲೆ ಬೀಳುತ್ತದೆ, ಬೇಡ. ಉಸಿರು ಬಂದ ಕೂಡಲೇ ತಾಯಿಯ ಮೂಗಿನ ಮುಂದೆ ಇಡಿ. ಇನ್ನೊಂದು ಮರಿ ಇದೆಯಾ ಅಂತ ಕೆಚ್ಚಲಿನ ಮುಂದೆ ಹೊಟ್ಟೆಯನ್ನು ಕೆಳಗಿಂದ ಎತ್ತಿ ನೋಡಿದರೆ ಗಟ್ಟಿಯಾಗಿ ಕೈಗೆ ತಾಗುತ್ತದೆ. ಮರಿ ಕೈಯಲ್ಲಿದೆ ಅಂದಮೇಲೆ ಹೊಕ್ಕುಳಿಗೆ ಅಯೋಡಿನ್ ಹಾಕಿಬಿಡಿ. ತೊಟ್ಟುಗಳನ್ನು ಒಮ್ಮೆ ಹಿಂಡಿ, ತುದಿಯ ಮೇಣದಂಥ ಬಿರಡೆ ಹೋಗಲಿ. ತಾನಾಗಿ ಈದು, ಮರಿ ನೆಕ್ಕಿ, ಹಾಲು ಕೊಡುತ್ತಿರುವ ಕುರಿಯನ್ನು ಅಯೋಡಿನ್‌ಗೋಸ್ಕರ ಓಡಿಸುವುದು ನನಗೆ ಸರಿ ಕಾಣುವುದಿಲ್ಲ. ಶುಚಿಯಾದ ಹುಲ್ಲಿನ ಮೇಲೆ ಬಿದ್ದ ಮರಿ ಕೆಲವು ಗಂಟೆ ಕಾಯಬಲ್ಲದು. ಈ ವಿಷಯದಲ್ಲಿ ಭಾವನ ಪದ್ಧತಿ ಬೇರೆ ಇದ್ದರೆ ಅದನ್ನೇ ಮಾಡಿ.

ಮಾಸು ಎರಡು ಮೂರು ಗಂಟೆಯಲ್ಲಿ ಬೀಳುತ್ತದೆ, ಕೆಲವಕ್ಕೆ ಇನ್ನೂ ತಡ. ನೇತಾಡುತ್ತಿದೆ ಅಂತ ಎಳೆಯಬೇಡಿ. ಬಿದ್ದದ್ದನ್ನು ಕೈಗವಸು ಹಾಕಿ ಎತ್ತಿಬಿಡಿ, ಇಲ್ಲದಿದ್ದರೆ ನಾಯಿ, ಕಾಗೆಗಳು ಅಲ್ಲಿಗೇ ಬರುತ್ತವೆ. ದಿನ ತುಂಬದೆ ಮರಿ ಬಿದ್ದರೆ ಆ ಕುರಿಯನ್ನು ಬೇರೆ ಮಾಡಿ, ಮಾಸನ್ನೂ ಮರಿಯನ್ನೂ ಚೀಲದಲ್ಲಿ ಹಾಕಿಟ್ಟು ಪಶುವೈದ್ಯರಿಗೆ ಹೇಳಿ. ಪರೀಕ್ಷೆಗೆ ಎರಡೂ ಬೇಕಾಗುತ್ತವೆ.

ಈಗ ಹೇಳುವುದಕ್ಕೆ ಹೆಚ್ಚು ಗಮನ ಕೊಡಿ. ನೀವು ಉಳಿಸುವ ಮರಿಗಳಲ್ಲಿ ಹೆಚ್ಚಿನವು ಎಳೆದು ತೆಗೆದವಲ್ಲ, ಚಳಿ ಮತ್ತು ಹಸಿವಿನಿಂದ ತಪ್ಪಿಸಿದವು ಆಗಿರುತ್ತವೆ. ಕುರಿಯ ಗರ್ಭದಲ್ಲಿ ರೋಗ ತಡೆಯುವ ಶಕ್ತಿ ತಾಯಿಯಿಂದ ಮರಿಗೆ ದಾಟುವುದಿಲ್ಲ. ಅದೆಲ್ಲ ಗಿಣ್ಣು ಹಾಲಿನಿಂದಲೇ ಬರಬೇಕು. ಮರಿಯ ಕರುಳು ಅದನ್ನು ಹೀರಿಕೊಳ್ಳುವುದು ಮೊದಲ ದಿನ ಮಾತ್ರ, ಅದೂ ಗಂಟೆ ಕಳೆದಂತೆ ಕಡಿಮೆಯಾಗುತ್ತದೆ. ಮರಿಯ ಪ್ರತಿ ಕಿಲೋ ತೂಕಕ್ಕೆ ಮೊದಲ ಎರಡು ಗಂಟೆಯಲ್ಲಿ 50 ಮಿಲಿ, ಮೊದಲ ದಿನ ಒಟ್ಟು ಕಿಲೋಗೆ 200 ಮಿಲಿ ಅಂತ ಲೆಕ್ಕ. ನಾಲ್ಕು ಕಿಲೋ ಮರಿಗೆ ಒಂದು ಸಲಕ್ಕೆ 200 ಮಿಲಿ ಆಯಿತು. ಫ್ರೀಜರ್‌ನಲ್ಲಿಟ್ಟ ಗಿಣ್ಣು ಹಾಲನ್ನು ಉಗುರುಬೆಚ್ಚಗಿನ ನೀರಿನಲ್ಲಿ ಇಟ್ಟೇ ಕರಗಿಸಿ. ಕಾಯಿಸಿದರೆ ಬೇಕಾದದ್ದೇ ಕೆಟ್ಟುಹೋಗುತ್ತದೆ.

ಹಾಲು ಕುಡಿದಿದೆಯಾ ಅಂತ ದುರ್ಬೀನಿನಲ್ಲೇ ಗೊತ್ತಾಗುತ್ತದೆ. ಹೊಟ್ಟೆ ತುಂಬಿದ ಮರಿ ಎದ್ದ ಕೂಡಲೇ ಮೈ ಮುರಿಯುತ್ತದೆ. ಹಸಿದದ್ದು ಬೆನ್ನು ಗೂನು ಮಾಡಿ, ತಲೆ ತಗ್ಗಿಸಿ ನಿಲ್ಲುತ್ತದೆ, ಹೊಟ್ಟೆ ಒಳಸೇರಿರುತ್ತದೆ. ಅಂಥದ್ದನ್ನು ಹಿಡಿದು ಬಾಯಲ್ಲಿ ಬೆರಳಿಡಿ. ಬಾಯಿ ತಣ್ಣಗಿದ್ದರೆ ಥರ್ಮಾಮೀಟರ್ ಹಿಂದಿನಿಂದ ಹಾಕಿ. 39–40 ಡಿಗ್ರಿ ಸೆಲ್ಸಿಯಸ್ ಇದ್ದರೆ ಸರಿ. 37 ಮತ್ತು 39ರ ನಡುವೆ ಇದ್ದರೆ ಒರೆಸಿ, ಗಾಳಿ ತಪ್ಪಿಸಿ, ಹಾಲು ಕುಡಿಸಿ ತಾಯಿಯ ಬಳಿಗೇ ಬಿಡಿ. 37ಕ್ಕಿಂತ ಕೆಳಗಿದ್ದರೆ ಮರಿಯ ವಯಸ್ಸು ಮುಖ್ಯ. ಹುಟ್ಟಿದ ಮರಿಯ ಮೈಯಲ್ಲಿ ಒಂದು ವಿಶೇಷ ಕೊಬ್ಬು ಇರುತ್ತದೆ, ಅದು ಸುಮಾರು ಐದು ಗಂಟೆ ಬಿಸಿ ಕೊಡುತ್ತದೆ. ಐದು ಗಂಟೆಯೊಳಗಿನ ಮರಿಯನ್ನು ಒಣಗಿಸಿ, ಬೆಚ್ಚಗೆ ಮಾಡಿ, ಆಮೇಲೆ ಹಾಲು ಕೊಡಬಹುದು. ಅದಕ್ಕಿಂತ ದೊಡ್ಡದಾದರೆ ಮೈಯ ಸಕ್ಕರೆ ಮುಗಿದಿರುತ್ತದೆ, ನೇರವಾಗಿ ಬೆಚ್ಚಗೆ ಮಾಡಿದರೆ ಸೆಟೆದು ಸಾಯಬಹುದು. ಅದಕ್ಕೆ ಮೊದಲು ಗ್ಲೂಕೋಸ್ ಇಂಜೆಕ್ಷನ್ ಬೇಕು. ಅದನ್ನು ಪಶುವೈದ್ಯರೋ, ಅವರಿಂದ ಕಲಿತವರೋ ಕೊಡಲಿ. ಹೊಟ್ಟೆಗೆ ಕೊಳವೆ ಇಳಿಸಿ ಹಾಲು ಕೊಡುವುದನ್ನು ಭಾವನಿಂದ ಮೊದಲ ದಿನವೇ ಕಲಿತುಕೊಳ್ಳಿ. ತಲೆ ಎತ್ತಲಾಗದ ಮರಿಗೆ ಕೊಳವೆಯಲ್ಲೂ ಹಾಲು ಕೊಡಬಾರದು, ಶ್ವಾಸಕೋಶಕ್ಕೆ ಹೋಗುತ್ತದೆ.

ಬಯಲಲ್ಲಿ ಇನ್ನೊಂದು ತಲೆನೋವು ಮರಿಗಳ್ಳತನ. ನಗುವ ವಿಷಯ ಅಲ್ಲ. ಇನ್ನೇನು ಈಯಲಿರುವ ಕುರಿ ಪಕ್ಕದವಳ ಮರಿಯನ್ನು ನೆಕ್ಕಿ ತನ್ನದು ಮಾಡಿಕೊಳ್ಳುತ್ತದೆ. ಆಮೇಲೆ ತನ್ನದೇ ಮರಿ ಬಿದ್ದಾಗ ಒದೆಯುತ್ತದೆ. ಹಿಂಡು ಇಕ್ಕಟ್ಟಾದಷ್ಟೂ ಇದು ಜಾಸ್ತಿ. ಎರಡು ಹುಲ್ಲುಗಾವಲು ಇದ್ದರೆ ಈದ ಕುರಿಗಳನ್ನು ಇದ್ದಲ್ಲೇ ಬಿಟ್ಟು, ಇನ್ನೂ ಈಯದವನ್ನು ದಿನಕ್ಕೊಮ್ಮೆ ಮುಂದಿನ ತುಂಡಿಗೆ ನಡೆಸುವುದು ಒಳ್ಳೆಯ ಉಪಾಯ. ಹೊಸ ತಾಯಂದಿರನ್ನು ಯಾರೂ ಕದಲಿಸುವುದಿಲ್ಲ, ಗಬ್ಬದವು ಮಾತ್ರ ಮುಂದೆ ಹೋಗುತ್ತವೆ. ಮರಿ ಒಣಗಿ, ಹಾಲು ಕುಡಿದು ಗಟ್ಟಿಯಾದ ಮೇಲೆ ತಾಯಿಗೂ ಮರಿಗಳಿಗೂ ಒಂದೇ ನಂಬರ್ ಹಾಕಿ, ಕುರಿಗಳಿಗೆಂದೇ ಸಿಗುವ ಬಣ್ಣದ ಸ್ಪ್ರೇಯಲ್ಲಿ. ಯಾವ ಮರಿ ಯಾರದ್ದು ಅನ್ನುವ ಜಗಳ ಆಮೇಲೆ ಇರುವುದಿಲ್ಲ.

ಗಬ್ಬದ ಕುರಿಯೇ ಮಂಕಾಗಿ, ಮೇವು ಬಿಟ್ಟು, ಕಣ್ಣು ಕಾಣದಂತೆ ಒಂದೇ ಕಡೆ ನಿಂತಿದ್ದರೆ ಅದು ಬೇನೆ ಅಲ್ಲ. ಹೊಟ್ಟೆಯಲ್ಲಿ ಎರಡು ಮೂರು ಮರಿ ಹೊತ್ತು ಶಕ್ತಿ ಸಾಲದಿರುವುದು, ಅಥವಾ ಕ್ಯಾಲ್ಸಿಯಂ ಇಳಿದಿರುವುದು ಇರಬಹುದು. ನಾಳೆ ನೋಡೋಣ ಅನ್ನುವಂಥದ್ದಲ್ಲ, ಆ ಗಂಟೆಯೇ ಹೇಳಿ.

ಚೀಲದಲ್ಲಿ ಕೈಗವಸು, ಜೆಲ್, ಅಯೋಡಿನ್, ಥರ್ಮಾಮೀಟರ್, ಒಣ ಟವೆಲ್, ಸ್ಪ್ರೇ, ಒಂದು ಮೆತ್ತನೆ ಹಗ್ಗ, ನೋಟ್‌ಬುಕ್ ಇದ್ದರೆ ಆಯಿತು. ಕೊಳವೆ, ಗಿಣ್ಣು ಹಾಲು ಮನೆಯಲ್ಲಿ ಸಿದ್ಧವಿರಲಿ. ಹೊರಡುವ ಮುಂಚೆ ಭಾವನಿಗೆ ಫೋನ್ ಮಾಡಿ ಇಷ್ಟು ಕೇಳಿ: ರಾತ್ರಿ ಬರುವ ಪಶುವೈದ್ಯರ ನಂಬರ್ ಯಾವುದು, ಫ್ರೀಜರ್‌ನಲ್ಲಿ ಎಷ್ಟು ಗಿಣ್ಣು ಹಾಲು ಇದೆ, ಯಾವ ಕುರಿಗಳಲ್ಲಿ ಅವಳಿ ಇದೆ ಅಂತ ಸ್ಕ್ಯಾನ್ ಆಗಿದೆಯಾ, ಹೋದ ಸಲ ಮರಿ ಸೇರಿಸಿಕೊಳ್ಳದ ಕುರಿ ಯಾವುದು. ಆ ಕೊನೆಯ ಕುರಿಗೆ ಶೆಡ್ಡಿನಲ್ಲಿ ಒಂದು ಜಾಗ ಈಗಲೇ ಖಾಲಿ ಮಾಡಿಡಲು ಹೇಳಿ.